ಧರ್ಣಪ್ಪನ ಕಾಲಲ್ಲಿ ಮಗ್ಗ ತುಳಿದವರು ಯಾರು?

ನಯಾಪೈಸೆ ಬಂದ ಹೊಸತು. ಮೂಡಬಿದಿರೆಯಿಂದ ಸ್ವಲ್ಪ ಒಳಗೆ, ನೇಕಾರರ ಕೇರಿಯಲ್ಲಿ ಪೂವಮ್ಮನ ಮನೆ. ಹೊತ್ತು ಉರಿಮಧ್ಯಾಹ್ನ. ಮಗ್ಗದ ಗುಂಡಿಯಲ್ಲಿ ಯಾರೂ ಇಲ್ಲ, ನೂಲಿನ ಮೇಲೆ ಜೇಡ ಬಲೆ ಕಟ್ಟಿದೆ. ಆದರೂ ಒಳಗಿನಿಂದ ಸದ್ದು ಬರುತ್ತಿದೆ: ಟಕಟಕ, ಟಕಟಕ. ಒಲೆಯ ಮುಂದೆ ಕೂತ ಪೂವಮ್ಮನಿಗೆ ಮೈ ಜುಂ ಎಂದಿತು. ಆ ಸದ್ದು ಮಗ್ಗದ್ದಲ್ಲ, ಗಂಡನ ಕಾಲಿನದು.

ಗಂಡ ಧರ್ಣಪ್ಪ ಸುಗ್ಗಿ ತಿಂಗಳ ಒಂದು ಬೆಳಿಗ್ಗೆ ಮಗ್ಗದಿಂದ ಏಳಲು ಹೋಗಿ ಅಲ್ಲೇ ಕುಸಿದಿದ್ದ. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು, ಬಲಗೈ ಬಲಗಾಲು ಬಿದ್ದುಹೋದವು. "ಗಾಳಿ ಬಡಿಯಿತು" ಎಂದರು ಕೇರಿಯವರು. ಎಣ್ಣೆ ತಿಕ್ಕಿದರು, ಬೂದಿ ಹಚ್ಚಿದರು, ಮಲಗಿಸಿದರು. ಆಸ್ಪತ್ರೆ ಎಂಬ ಮಾತು ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ, ನೋಡಿ! ಮೊದಮೊದಲು ಬಾಳೆದಿಂಡಿನ ಹಾಗೆ ಸೋತು ಬಿದ್ದಿದ್ದ ಕಾಲು ವಾರಗಳು ಕಳೆದಂತೆ ಸೆಟೆದುಕೊಂಡಿತು. ಗಂಜಿ ಕುಡಿಸಲು ಮಂಚದ ಅಂಚಿಗೆ ಕೂರಿಸಿದರೆ ಸಾಕು, ಬೆರಳ ತುದಿ ನೆಲಕ್ಕೆ ತಾಗಿದ್ದೇ ಪಾದ ತಾನಾಗಿ ಕುಣಿಯುತ್ತಿತ್ತು. ಧರ್ಣಪ್ಪ ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದ.

ಅತ್ತೆ ಸೇಸಮ್ಮ ಮಾತ್ರ ಹೆದರಲಿಲ್ಲ. ಪೂವಮ್ಮನಿಗೆ ಅದೇ ಇನ್ನಷ್ಟು ಹೆದರಿಕೆ.

"ಕಿವಿಗೊಟ್ಟು ಕೇಳು ಪೂವಮ್ಮ. ಇದು ಧರ್ಣನ ತುಳಿತ ಅಲ್ಲ. ಅವನದು ನಿಧಾನ. ಇಷ್ಟು ಅವಸರದಲ್ಲಿ ಮಗ್ಗ ತುಳಿಯುತ್ತಾ ಇದ್ದದ್ದು ನನ್ನ ಡೊಂಬಯ್ಯ" ಎನ್ನುತ್ತಿದ್ದಳು ಮುದುಕಿ.

ಡೊಂಬಯ್ಯ ಅವಳ ಹಿರಿಮಗ. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದವನು. ಅವನ ಕುಲೆ, ಎಂದರೆ ಸತ್ತವನ ಜೀವ, ತಮ್ಮನ ಕಾಲಿಗೆ ಬಂದು ಕೂತಿದೆ ಎಂದು ಅವಳು ನಂಬಿದ್ದಳು. ಓಡಿಸುವ ಯೋಚನೆ ಅವಳಿಗೆ ಇರಲೇ ಇಲ್ಲ. ಮಗ ಮತ್ತೆ ಹೊರಟುಹೋದರೆ? ಕೆಂಪು ನೂಲು ಹೊಸೆದು, ಬೆರಳು ನೆಲಕ್ಕೆ ತಾಗುವಷ್ಟು ಸಡಿಲ ಬಿಟ್ಟು, ಆ ಕಾಲನ್ನು ಮಂಚಕ್ಕೆ ಕಟ್ಟಿದಳು. ಯಾರೂ ಅದನ್ನು ಮುಟ್ಟುವಂತಿಲ್ಲ, ಅಲುಗಿಸುವಂತಿಲ್ಲ. ಮಧ್ಯಾಹ್ನವಾದರೆ ಕಾಲಿನ ಬುಡದಲ್ಲಿ ಒಂದು ಬಟ್ಟಲು ಗಂಜಿ ಇಟ್ಟು "ಉಣ್ಣು ಮಗಾ" ಎಂದು ಪಿಸುಗುಡುತ್ತಿದ್ದಳು. ಧರ್ಣಪ್ಪನ ಗಂಜಿ ಪಕ್ಕದಲ್ಲೇ ಆರುತ್ತಿತ್ತು. ಆ ಕಾಲು ದಿನದಿನಕ್ಕೆ ಬಡಕಲಾಗುತ್ತಿತ್ತು. ಗಂಡ ಇನ್ನು ಏಳುವುದಿಲ್ಲವೋ ಏನೋ ಎಂದು ಪೂವಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು.

ಅಂಥ ಹೊತ್ತಿಗೆ ಬಂದವಳು ಆಚೆ ಕೇರಿಯ ಐಸಮ್ಮ. ಕೈಯಲ್ಲಿ ಕೋಲು, ಬಾಯಿ ಮಾತ್ರ ಜೋರು.

"ಇದೆಂತ ಮಾರಾಯ್ತಿ! ಮನುಷ್ಯನನ್ನು ದನ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ?"

"ಮೆಲ್ಲಗೆ ಮಾತಾಡು. ಡೊಂಬಯ್ಯ ಉಣ್ಣುತ್ತಾ ಇದ್ದಾನೆ" ಎಂದಳು ಸೇಸಮ್ಮ.

ಐಸಮ್ಮ ಕುಣಿಯುವ ಕಾಲನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಆಮೇಲೆ ಮಣೆ ಎಳೆದು ಕೂತು, ತನ್ನ ಎಡಗಾಲಿನ ತುದಿಬೆರಳನ್ನು ನೆಲಕ್ಕೆ ಒತ್ತಿದಳು.

ಟಕಟಕ, ಟಕಟಕ.

ಪೂವಮ್ಮ ಹೆದರಿ ಕಂಬವನ್ನು ತಬ್ಬಿದಳು. ಒಂದೇ ಕೋಣೆಯಲ್ಲಿ ಎರಡು ಕಾಲು, ಒಂದೇ ಕುಣಿತ!

"ಈಗೆಂತ ಸೇಸಕ್ಕ, ನಿಮ್ಮ ಡೊಂಬಯ್ಯ ನನ್ನ ಕಾಲಿಗೂ ಬಂದನಾ?" ಐಸಮ್ಮ ಕೇಳಿದಳು. "ನನಗೂ ಹೋದ ವರ್ಷ ಹೀಗೇ ಆದದ್ದು. ನಮ್ಮವರು ಜಿನ್ ಅಂದರು. ನಿಮ್ಮಲ್ಲಿ ಕುಲೆ, ನಮ್ಮಲ್ಲಿ ಜಿನ್, ಕುಣಿತ ಮಾತ್ರ ಒಂದೇ! ಮಗ ಹಠ ಹಿಡಿದು ಮಂಗಳೂರಿನ ಆಸ್ಪತ್ರೆಗೆ ಕೊಂಡುಹೋದ. ಇಲ್ಲದಿದ್ದರೆ ಇವತ್ತಿಗೂ ನಾನು ಚಾಪೆಯಲ್ಲೇ."

"ಹಾಗಾದರೆ ಇದೆಂತ ಐಸಮ್ಮ?" ಪೂವಮ್ಮ ಕೇಳಿದಳು.

"ಪಾರ್ಶ್ವವಾಯು. ಪೆಟ್ಟು ಬಿದ್ದದ್ದು ಕಾಲಿಗೆ ಅಲ್ಲ, ತಲೆಗೆ. ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿದರೋ ಒಡೆದರೋ ಹೀಗಾಗ್ತದಂತೆ. ಕಾಲು ಸತ್ತಿಲ್ಲ, ಅದರ ಮೇಲೆ ಮಿದುಳಿನ ಹಿಡಿತ ತಪ್ಪಿದೆ. ಹಿಂದಿನ ಮೀನಖಂಡ ಬಿಗಿದು ಎಳೀತದೆ, ಪಾದ ಎತ್ತುವ ಸ್ನಾಯು ಸುಮ್ಮನೆ ಕೂತಿದೆ. ಕುಣಿತ ಅದಕ್ಕೇ. ಹೀಗೆ ಕಟ್ಟಿ ಮಲಗಿಸಿದರೆ ಪಾದ ಹಾಗೇ ಸೆಟೆದು ಹೋಗ್ತದೆ, ಮತ್ತೆ ಹಿಮ್ಮಡಿ ಊರಲಿಕ್ಕೇ ಆಗುವುದಿಲ್ಲ."

"ಸುಳ್ಳು!" ಎಂದಳು ಸೇಸಮ್ಮ. "ನನ್ನ ಮಗನ ತುಳಿತ ನನಗೆ ಗೊತ್ತಿಲ್ವಾ?"

ಪೂವಮ್ಮ ಅತ್ತೆಗೆ ಎಂದೂ ಎದುರು ನಿಂತವಳಲ್ಲ. ಆ ದಿನ ನಿಂತಳು. ಮಂಚದ ಹತ್ತಿರ ಕೂತು ಕೆಂಪು ನೂಲಿನ ಗಂಟು ಬಿಚ್ಚಿದಳು. ಐಸಮ್ಮ ಧರ್ಣಪ್ಪನ ಪಾದವನ್ನು ಮೆಲ್ಲಗೆ ಚಪ್ಪಟೆ ಮಾಡಿ, ಹಿಮ್ಮಡಿ ನೆಲಕ್ಕೆ ಊರುವಂತೆ ಮೊಣಕಾಲಿನ ಮೇಲೆ ಎರಡೂ ಕೈಯ ಭಾರ ಬಿಟ್ಟಳು. ಕುಣಿತ ಸಣ್ಣದಾಯಿತು. ನಿಂತಿತು. ಮನೆ ಒಮ್ಮೆಲೇ ಗವ್ ಎಂದಿತು.

"ಹೋದ! ನನ್ನ ಮಗ ಹೋದ!" ಸೇಸಮ್ಮ ಎದೆ ಬಡಿದುಕೊಂಡಳು.

ಆಗ ಮಂಚದಿಂದ ಒಂದು ಸ್ವರ ಬಂತು. ತೊದಲು, ಒಡಕು.

"ಅಮ್ಮಾ... ನಾನು... ಇದ್ದೇನಲ್ಲ."

ಸೇಸಮ್ಮ ತಿರುಗಿ ನೋಡಿದಳು. ಇಷ್ಟು ದಿನ ಅವಳು ನೋಡಿದ್ದು ಕಾಲನ್ನು, ಮುಖವನ್ನಲ್ಲ. ಸೊಟ್ಟ ಬಾಯಿಯ, ಗಡ್ಡ ಬೆಳೆದ, ಕಣ್ಣಲ್ಲಿ ನೀರು ತುಂಬಿದ ಕಿರಿಮಗ. ಮುದುಕಿ ನೆಲದ ಬಟ್ಟಲನ್ನೆತ್ತಿ ಅವನ ಬಾಯಿಗೆ ಹಿಡಿದಳು.

"ನಾಳೆ ಬೆಳಿಗ್ಗೆ ಮಂಗಳೂರಿಗೆ ಹೋಗುವ. ನಾನೂ ಬರ್ತೇನೆ" ಎಂದಳು ಐಸಮ್ಮ.

ಡಾಕ್ಟರು ರಕ್ತದ ಒತ್ತಡ ನೋಡಿದರು, ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಲು ಹೇಳಿದರು. "ಬಿದ್ದ ದಿನವೇ ತರಬೇಕಿತ್ತು" ಎಂದು ಗದರಿದರು ಕೂಡ. ಪಾದವನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ ಮೀನಖಂಡ ಸಡಿಲಿಸುವುದು, ಕೂರಿಸಿ ಏಳಿಸುವುದು, ಸೋತ ಕಾಲಿನ ಮೇಲೂ ಭಾರ ಹಾಕಿಸುವುದು, ಸೋತ ಕೈ ಹಿಡಿದು ಎಳೆಯದಿರುವುದು, ಎಲ್ಲವನ್ನೂ ಮಾಡಿ ತೋರಿಸಿದರು. "ನಡೆದು ನಡೆದೇ ಕಾಲು ಮತ್ತೆ ಕಲಿಯುವುದು. ದಿನವೂ ಮಾಡಿಸಿ" ಎಂದರು.

ಮನೆಯಲ್ಲಿ ಮಗ್ಗದ ಕಂಬಗಳೇ ಅವನಿಗೆ ಆಸರೆಯಾದವು. ಎಡಗೈಯಲ್ಲಿ ಕಂಬ, ಸೋತ ಬದಿಗೆ ಪೂವಮ್ಮ. ಹಿಮ್ಮಡಿ ಊರಿಸುವ ಕೆಲಸ ಸೇಸಮ್ಮನದು. ಒಮ್ಮೊಮ್ಮೆ ಕಾಲು ಮತ್ತೆ ಕುಣಿಯುತ್ತಿತ್ತು. ಮುದುಕಿಯ ಕಿವಿ ನಿಮಿರುತ್ತಿತ್ತು. ಆದರೂ ತುಟಿ ಕಚ್ಚಿ ಒತ್ತಿ ಹಿಡಿಯುತ್ತಿದ್ದಳು. ಧರ್ಣಪ್ಪ ಸಿಟ್ಟಿನಲ್ಲಿ ಕೋಲು ಬಿಸಾಡಿದ ದಿನಗಳೂ ಇದ್ದವು. ಮರುದಿನ ಮತ್ತೆ ಎದ್ದು ನಿಲ್ಲುತ್ತಿದ್ದ.

ಮಳೆ ಸುರಿಯುವ ಆಟಿ ತಿಂಗಳು ಬಂತು. ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಹೊರಗೆ ಕಾಯುವ ಸಂಜೆ. ಡೊಂಬಯ್ಯನ ಎಲೆಯನ್ನು ತಾನೇ ಇಡುತ್ತೇನೆಂದ ಧರ್ಣಪ್ಪ. ಕೋಲು ಸೊಂಟಕ್ಕೆ ಒರಗಿಸಿ ನಿಂತ. ಪೂವಮ್ಮ ಎಲೆ ಕೊಟ್ಟಳು. ಬಗಲಲ್ಲಿ ಎಲೆ ಹಿಡಿದು, ಕೋಲೂರಿ ಹೊರಟ. ಸರ್... ಟಕ್. ಸರ್... ಟಕ್. ಪಾದ ಇನ್ನೂ ಎಳೆಯುತ್ತಿತ್ತು, ಆದರೆ ನಡೆಯುತ್ತಿದ್ದವನು ಅವನೇ.

ಎಲೆ ಇಟ್ಟು ಬಡಿಸಿ ಎಲ್ಲರೂ ಹೊರಗೆ ಬಂದರು. ಬಾಗಿಲು ಮುಚ್ಚಿತು. ಎಲ್ಲರ ಕಿವಿಯೂ ಒಳಗೆ. ಮಗ್ಗ ಮಿಸುಕಲಿಲ್ಲ.

"ಡೊಂಬಯ್ಯ ಅವನ ಜಾಗದಲ್ಲಿ ಉಣ್ಣುತ್ತಾ ಇದ್ದಾನೆ" ಎಂದು ಸೇಸಮ್ಮ ಧರ್ಣಪ್ಪನ ಸೋತ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ನೀನು ಬಾ ಮಗಾ, ಜಗಲಿಯಲ್ಲಿಟ್ಟ ನಿನ್ನ ಗಂಜಿ ಆರುತ್ತದೆ."

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ, ಗಾಳಿ ಸೋಂಕು ಎಂದು ಕೂರಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಆಮೇಲೆ ಡಾಕ್ಟರು ತೋರಿಸಿದ ಹಾಗೆ ಕೂರಿಸಿ, ನಿಲ್ಲಿಸಿ, ನಡೆಸಿ. ಕಾಲು ತಾನಾಗಿ ಕುಣಿದರೆ ಹೆದರಬೇಡಿ, ಕಟ್ಟಿಹಾಕಬೇಡಿ. ಹೋದವರಿಗೆ ವರ್ಷಕ್ಕೊಮ್ಮೆ ಎಲೆ ಹಾಕುವ. ಇರುವವರಿಗೆ ದಿನಾ ಹೆಗಲು ಕೊಡುವ.