ಹೋಲ್ಡ್ ಅಂದರೆ

ಚಳಿಗಾಲದ ಬೆಳಗು. ಮಂಜು ಕವಿದು ಹೊರಗಿನ ವಿಮಾನಗಳೆಲ್ಲ ನಿಂತಲ್ಲೇ ನಿಂತಿದ್ದವು. ತರಬೇತಿ ಕೇಂದ್ರದ ಅಣಕು ವಿಮಾನ, ಸಿಮ್ಯುಲೇಟರ್ ಮಾತ್ರ ಉಕ್ಕಿನ ಕಾಲುಗಳ ಮೇಲೆ ತೂಗಾಡುತ್ತ ಹಾರುತ್ತಿತ್ತು. ಎಡಗಡೆ ಭಾವ, ಬಲಗಡೆ ಸುಮ್ಮನಿರಬೇಕೆಂದು ಹೇಳಿಸಿಕೊಂಡ ಸಹಪೈಲಟ್, ಹಿಂದೆ ತರಬೇತುದಾರನ ಕುರ್ಚಿಯಲ್ಲಿ ಭಾವಮೈದುನ. ಹೆಂಡತಿಯ ಕಾಯಿಲೆಗೆಂದು ರಜೆ ಹಾಕಿದ್ದ ಭಾವ ಅವಳನ್ನು ಕಳೆದುಕೊಂಡು ಮರಳಿದ್ದರು. ಇಲ್ಲಿ ಸೈ ಎನಿಸಿಕೊಂಡರೆ ಮತ್ತೆ ಆಕಾಶ. ಇಲ್ಲದಿದ್ದರೆ ಆ ಖಾಲಿ ಮನೆ.

ಭಾವಮೈದುನನಿಗೆ ಈ ವಿದ್ಯೆ ಕಲಿಸಿದವರೇ ಅವರು. ವೇಗ ಇಷ್ಟಿರಲಿ ಎಂದು ಗುಂಡಿ ತಿರುಗಿಸಿಟ್ಟರೆ ಯಂತ್ರವೇ ಲೆಕ್ಕ ಹಾಕಿ, ಎಂಜಿನ್ನಿನ ಲಿವರ್‌ಗಳನ್ನು ಹಿಂದೆ ಮುಂದೆ ಸರಿಸಿ ನೂಕುಬಲ ಹೊಂದಿಸುತ್ತದೆ. ನಿಮ್ಮಕ್ಕನಿಗಿಂತ ಇದೇ ವಾಸಿ, ಹೇಳಿದ್ದು ಕೇಳುತ್ತೆ ಎಂದು ಅವಳೆದುರೇ ಅಂದು ಬೈಸಿಕೊಳ್ಳುತ್ತಿದ್ದರು. ಆದರೆ ಇಳಿಯುವಾಗ ಒಮ್ಮೊಮ್ಮೆ ಅದು ಲಿವರ್‌ಗಳನ್ನು ಹಿಂದಕ್ಕೆಳೆದು ಕೈಬಿಡುವುದುಂಟು. ಆಗ ಪರದೆಯಲ್ಲಿ ‘ಹೋಲ್ಡ್’ ಎಂದು ಹಸಿರಾಗಿ ಮೂಡುತ್ತದೆ.

“ಹೋಲ್ಡ್ ಅಂದ್ರೆ ಅದು ಹಿಡ್ಕೊಂಡಿದೆ ಅಂತಲ್ಲ ಕಣೋ, ನೀನು ಹಿಡ್ಕೋ ಅಂತ,” ಎಂದು ಆಗೆಲ್ಲ ಹೇಳುತ್ತಿದ್ದರು.

ಈಗ ಅದೇ ಪದ ಮೂಡಿತು. ಭಾವ ಆಟೋಪೈಲಟ್ ಆಫ್ ಮಾಡಿ ವಿಮಾನವನ್ನು ಸಮಕ್ಕೆ ತಂದರು. ಅವರ ಬಲಗೈ ಲಿವರ್‌ಗಳ ಮೇಲಿತ್ತು, ಜ್ವರದವರ ಹಣೆ ಮುಟ್ಟಿ ನೋಡುವ ಹಾಗೆ. ವೇಗ ಉಳಿಯಬೇಕಾದರೆ ಅವನ್ನು ಮುಂದಕ್ಕೆ ತಳ್ಳಬೇಕಿತ್ತು; ತಳ್ಳಲಿಲ್ಲ. ವೇಗ ಕುಸಿಯಿತು. ಅಪಾಯ ಸಾರುತ್ತ ಚುಕ್ಕಾಣಿ ಗಡಗಡ ನಡುಗಿದಾಗ ಭಾವಮೈದುನ ತಡೆಯಲಾರದೆ, “ಭಾವಾ, ತಳ್ಳಿ,” ಎಂದ. ತಳ್ಳಿದರು.

ಸರಿಯಾಗಿ ನಿದ್ದೆ ಆಗಿಲ್ಲ, ಇನ್ನೊಂದು ಸಲ ಕೊಡು ಎಂದು ಕೇಳಿದರು. ಕೊಟ್ಟ. ಮತ್ತೆ ಅದೇ ಇಳಿತ, ಅದೇ ಹಸಿರು, ಅದೇ ಕೈ. ಈ ಸಲ ಅವನು ತುಟಿ ಕಚ್ಚಿ ಕೂತ. ಚುಕ್ಕಾಣಿ ನಡುಗುತ್ತಲೇ ಇತ್ತು. ಮೂಗು ಕೆಳಗಾಗಿ, ಕಿಟಕಿಯ ಚಿತ್ರದೊಳಗಿನ ಹೊಲಗಳು ಎದ್ದು ಬಂದವು. ಅವನೇ ಎಲ್ಲ ನಿಲ್ಲಿಸಿ ದೀಪ ಹಾಕಿದ.

ಭಾವ ಬಹಳ ಹೊತ್ತು ಕೈ ತೆಗೆಯಲಿಲ್ಲ.

“ಈಗ ಅಲ್ಲಾಡುತ್ತೆ, ಈಗ ಅಲ್ಲಾಡುತ್ತೆ ಅಂತ ಕಾಯ್ತಾ ಇದ್ದೆ ಕಣೋ. ಆಸ್ಪತ್ರೇಲಿ ಅವಳ ಬೆರಳು ಹಿಡ್ಕೊಂಡು ಕೂತಿದ್ನಲ್ಲ, ಹಂಗೇ.”

“ವರದೀಲಿ ಏನಂತ ಬರೀಲಿ ಭಾವಾ?”

“ಕಂಡಿದ್ದನ್ನ ಬರಿ. ನಿಜವಾಗಿ ಹಾರೋವಾಗ ಹಿಂದೆ ಜನ ಕೂತಿರ್ತಾರೆ.”

ಬಾಗಿಲಾಚೆ, ಸಿಮ್ಯುಲೇಟರಿನಿಂದ ಹೊರಗೆ ದಾಟುವ ಸಣ್ಣ ಸೇತುವೆ ಗಂಟೆ ಬಾರಿಸುತ್ತ, ಯಾವ ಅವಸರವೂ ಇಲ್ಲದೆ ಇಳಿದು ಬಂತು. ಅದು ನೆಲೆ ಮುಟ್ಟುವ ತನಕ, ಸಹಪೈಲಟ್‌ನನ್ನು ಒಳಗೇ ಬಿಟ್ಟು, ಇಬ್ಬರೂ ಹೊಸ್ತಿಲಲ್ಲಿ ನಿಂತರು. ಭಾವಮೈದುನ ಅವರ ಚೀಲಕ್ಕೆ ಕೈ ಚಾಚಿದ. ಯಾವತ್ತೂ ಯಾರಿಗೂ ಅದನ್ನು ಹೊರಲು ಬಿಡದ ಭಾವ, ಸುಮ್ಮನೆ ಕೊಟ್ಟರು.