ಬೀಡಿ ಮುಟ್ಟಿದ ರವಿವಾರ

ನನ್ನ ಗಂಡ ದುಂಡಪ್ಪ ದಿನಾ ಸಂಜೆ ಕೆಲಸದಿಂದ ಬಂದ ಕೂಡಲೇ ನನ್ನ ಮುಂದೆ ನಿಂತು ಬಾಯಿ ತೆರೆದು ‘ಹಾ’ ಅನ್ನಬೇಕು. ಎರಡು ವರ್ಷದಿಂದ ಇದು ನಮ್ಮ ಮನೆಯ ಕಾಯಿದೆ. ನಾನು ಮೂಸಿ ನೋಡಿ ತಲೆಯಾಡಿಸಿದ ಮೇಲೆಯೇ ಅವರಿಗೆ ಚಹಾ.

ಮೂವತ್ತು ವರ್ಷ ಫೌಂಡ್ರಿಯಲ್ಲಿ ಕುಲುಮೆಯ ಮುಂದೆ ನಿಂತ ಮನುಷ್ಯ. ಬೀಡಿ ಇಲ್ಲದೆ ಆ ಕೆಲಸ ಸಾಗುವುದಿಲ್ಲ ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ಸ್ಟೆಂಟ್ ಹಾಕಿದ ಡಾಕ್ಟರು, “ಇನ್ನು ಬೀಡಿ ಮುಟ್ಟಿದರೆ ನನ್ನ ಹತ್ತಿರ ಬರಬೇಡಿ” ಎಂದರು. ನಾನು ಡಾಕ್ಟರಿಗಿಂತ ಒಂದು ಹೆಜ್ಜೆ ಮುಂದೆ. “ಮುಟ್ಟಿದ್ರ ನನ್ನ ಮಾರಿನೂ ನೋಡಬ್ಯಾಡ್ರಿ” ಎಂದೆ. ಬಾಯಿ ಮಾತಿಗೆ ಅಂದದ್ದಲ್ಲ. ನನ್ನ ಅಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸೇದಿ, ಕೆಮ್ಮಿ ಕೆಮ್ಮಿ ಸತ್ತವನು. ಅವನ ಹಾಸಿಗೆ ಪಕ್ಕದ ಉಗುಳಿನ ಡಬ್ಬಿ ತೊಳೆದವಳು ನಾನು. ಇನ್ನೊಬ್ಬರ ಡಬ್ಬಿ ತೊಳೆಯುವ ಶಕ್ತಿ ನನಗಿರಲಿಲ್ಲ.

ಅವರನ್ನು ಓಟಕ್ಕೆ ಹಚ್ಚಿದವನು ಗೆಳೆಯ ಸನಾಉಲ್ಲಾ. ಸೈಕಲ್ ರಿಪೇರಿ ಅಂಗಡಿಯವನು, ಬಿಳಿ ಗಡ್ಡ, ಕಡ್ಡಿಯಂಥ ಕಾಲು. ಮೊದಲು ರಾಮತೀರ್ಥ ನಗರದ ನಮ್ಮ ಮನೆಯಿಂದ ಮೂಲೆಯ ಹಾಲಿನ ಅಂಗಡಿ ತನಕ ನಡಿಗೆ. ಆಮೇಲೆ ನಡಿಗೆ ಓಟವಾಯಿತು, ಒಂದೊಂದು ದಾರಿಗೆ ಒಂದೊಂದು ಹೆಸರು ಬಂತು. ಕೋಟೆ ಕೆರೆಯ ಸುತ್ತ ಓಡಿದರೆ ‘ಕೆರೀ ಸುತ್ತು’. ಕಣಬರಗಿಯ ಹೊಲಗಳ ನಡುವೆ ಹೋದರೆ ‘ಜ್ವಾಳದ ಸುತ್ತು’. ಅಂಗಡಿಗಳ ಬಾಗಿಲು ತೆರೆಯುವ ಮೊದಲು ಖಡೇಬಜಾರಿನಿಂದ ಗಣಪತ ಗಲ್ಲಿಗೆ ಹಾದು ಬಂದರೆ ‘ಪ್ಯಾಟೀ ಸುತ್ತು’. ಆ ದಿನ ಕೈಯಲ್ಲಿ ಕೊತ್ತಂಬರಿ ಸೂಡು ಇರುತ್ತಿತ್ತು, ಆದ್ದರಿಂದ ನನಗೆ ಅದೇ ಹೆಚ್ಚು ಇಷ್ಟ. ಎಂಟು ಕಿಲೋಮೀಟರಿಗಿಂತ ಒಂದು ಹೆಜ್ಜೆ ಹೆಚ್ಚು ಓಡಕೂಡದು ಅಂತ ನಾನೇ ಗೆರೆ ಎಳೆದಿದ್ದೆ. ಡಾಕ್ಟರು ಎಳೆದದ್ದಲ್ಲ, ನಾನು. ಅವರೂ ಎದುರಾಡಲಿಲ್ಲ. ಎಲ್ಲ ಸುಸೂತ್ರ ಇದೆ ಎಂದುಕೊಂಡಿದ್ದೆ.

ಹೋದ ತಿಂಗಳು ಒಂದು ಶುಕ್ರವಾರ ಸಂಜೆ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ. ನೀರಿನ ಟಾಕಿಯ ಹಿಂದೆ ನಿಂತು ನನ್ನ ಗಂಡ ಫೋನಿನಲ್ಲಿ ಪಿಸುಗುಡುತ್ತಿದ್ದರು.

“ಇಲ್ಲೋ ಸನಾ, ಅಕೀಗೆ ಹೇಳಿಲ್ಲ. ಗೊತ್ತಾದ್ರ ಮನಿ ಬಿಟ್ಟು ಹೊರಗ ಹಾಕ್ತಾಳ. ಎರಡು ವರ್ಷ ಆತಲ್ಲೋ, ಬರೇ ಮಾತಾಡೂದ ಆತು. ಈ ರವಿವಾರ ಏನರೆ ಆಗಲಿ, ಬೀಡಿ ಮುಟ್ಟಾಂವನ ನಾ.”

ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಮ್ಮವ್ವ ಹೇಳುತ್ತಿದ್ದದ್ದು ಸುಳ್ಳಲ್ಲ. ಅಲ್ಲೇ ನಿಂತು ಕೂಗಾಡಬಹುದಿತ್ತು, ಮಾಡಲಿಲ್ಲ. ಕೂಗಾಡಿದರೆ ಇಲ್ಲ ಅನ್ನುತ್ತಾರೆ, ದೇವರ ಆಣೆ ಹಾಕುತ್ತಾರೆ. ಹಿಡಿದರೆ ಬೀಡಿ ಸಮೇತ ಹಿಡಿಯಬೇಕು. ಅವರು ಮಾಳಿಗೆಯಿಂದ ಇಳಿದು ಬಂದು ‘ಹಾ’ ಅಂದಾಗ ಯಾಲಕ್ಕಿಯ ವಾಸನೆ ಬಂತು. ಎಂದೂ ತಿನ್ನದ ಯಾಲಕ್ಕಿ ಇಂದು ಯಾಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ!

ಶನಿವಾರ ಊಟಕ್ಕೆ ಕೂತಾಗ ರೊಟ್ಟಿಯನ್ನು ನೋಡುತ್ತಾ ಹೇಳಿದರು, “ನಾಳೆ ಸನಾನ ಅಕ್ಕನ ಮಗಳ ನಿಶ್ಚಯ ಐತಿ ಖಾನಾಪುರದಾಗ. ನಸುಕಿನ ಬಸ್ಸಿಗೆ ಹೋಗಿ ಮಧ್ಯಾಹ್ನ ಬರ್ತೇನಿ.”

“ಹೋಗಿ ಬರ್ರಿ” ಎಂದೆ. ಸನಾಉಲ್ಲಾನಿಗೆ ಅಕ್ಕನೇ ಇಲ್ಲ. ಐದು ಜನ ಅಣ್ಣತಮ್ಮಂದಿರ ಮನೆ ಅದು. ಸುಳ್ಳು ಹೇಳಲೂ ಬುದ್ಧಿ ಬೇಕು. ಒಟ್ಟಿಗೆ ಎರಡು ಸುಳ್ಳು ಹೇಳುವಷ್ಟು ಅವರಿಗಿಲ್ಲ, ಊರಂತೂ ಖಾನಾಪುರವೇ ಇರಬೇಕು.

ರವಿವಾರ ಅವರು ಹೋದ ಮೇಲೆ ಕೈಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡೆ, ಮೇಲೊಂದು ಟವೆಲ್ಲು. ಖಾನಾಪುರದಲ್ಲಿ ಕಣ್ಣಾರೆ ನೋಡುವುದು, ಅಲ್ಲಿಂದಲೇ ಧಾರವಾಡದ ತಂಗಿಯ ಮನೆಗೆ ಹೋಗಿಬಿಡುವುದು ಎಂದು ನಿರ್ಧಾರ ಮಾಡಿದ್ದೆ. ಮಗಳು ಸೃಷ್ಟಿ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಅವಳಿಗೆ ಆಮೇಲೆ ಹೇಳಿದರಾಯಿತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅಪ್ಪನ ಕೆಮ್ಮನ್ನೇ ಕೇಳಿದೆ. ಸಿಟ್ಟು ಇತ್ತು ನಿಜ. ಆದರೆ ಸಿಟ್ಟಿಗಿಂತ ಹೆಚ್ಚು ಹೆದರಿಕೆ ಇತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಖಾನಾಪುರದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವನು, ಮುತ್ತಪ್ಪ ಅಂತ ಹೆಸರು, ಹಾಲು ಕಾಯಿಸುತ್ತಿದ್ದ.

“ಇಬ್ಬರು ಗಂಡಸರು ಬಂದಿದ್ರೇನ್ರಿ? ಒಬ್ಬರಿಗೆ ಬಿಳಿ ಗಡ್ಡ, ಇನ್ನೊಬ್ಬರು ಗಿಡ್ಡಕ, ಕರ್ರಗ.”

“ಬಂದಿದ್ರ ಅಕ್ಕಾರ. ನಸುಕಿನ್ಯಾಗ ಚಾ ಕುಡದ್ರು. ಬೀಡಿಗೆ ಹೊಂಟೇವಿ ಅಂದ್ರು.”

“ಬೀಡಿಗೆ?”

“ಹೂನ್ರಿ, ಬೀಡಿಗೆ. ಭಾಳ ಖುಷಿಲೆ ಇದ್ರು ಇಬ್ಬರೂ.”

ನಾಚಿಕೆ ಬಿಟ್ಟು ಚಹಾದಂಗಡಿಯವನ ಮುಂದೆಯೂ ಹೇಳಿದ್ದಾರಲ್ಲ! ಬೆಂಚಿನ ಮೇಲೆ ಕುಸಿದು ಕೂತು, ಧಾರವಾಡದ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದೆ. ಕಣ್ಣು ತುಂಬಿ ಬಂದಿತ್ತು. ಮುತ್ತಪ್ಪ ಗಾಬರಿಯಾಗಿ ಒಂದು ಲೋಟ ನೀರು ಕೊಟ್ಟ.

ನೀರು ಇನ್ನೂ ಗಂಟಲಲ್ಲಿತ್ತು. ಎದುರಿಗೆ ಬಂದು ನಿಂತ ಕೆಂಪು ಬಸ್ಸಿನಿಂದ ಕಂಡಕ್ಟರ್ ಇಳಿದು ಕೂಗಿದ. “ಚಲಾ ಚಲಾ! ನಂದಗಡ, ಬೀಡಿ! ಬೀಡಿ ಬೀಡಿ ಬೀಡಿ! ಬೀಡಿಗೆ ಯಾರದಾರ್ರೀ?”

ಮೂರು ಜನ ಮುದುಕಿಯರು ಬುಟ್ಟಿ ಹೊತ್ತುಕೊಂಡು ಎದ್ದರು. ನಾನು ಬಸ್ಸಿನ ಬೋರ್ಡು ನೋಡಿದೆ. ದೊಡ್ಡ ಅಕ್ಷರದಲ್ಲಿ ಬೀಡಿ ಅಂತಲೇ ಬರೆದಿತ್ತು. ಆ ಹೆಸರಿನ ಊರೊಂದು ಈ ತಾಲೂಕಿನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬೆಳಗಾವಿಯಲ್ಲಿ ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲದೆ ಏನು! ಆದರೆ ಆ ಮೂರು ದಿನ ನನ್ನ ತಲೆಯಲ್ಲಿ ಇದ್ದದ್ದು ಎಲೆಯಲ್ಲಿ ಸುತ್ತಿದ ಬೀಡಿ ಒಂದೇ. ನಮ್ಮ ಕಡೆ ಊರು ಸೇರುವುದಕ್ಕೂ ಮುಟ್ಟುವುದು ಅಂತಲೇ ಅನ್ನುತ್ತೇವೆ, ಅದೂ ಹೊಳೆಯಲಿಲ್ಲ.

“ಅಣ್ಣಾರ, ಅವರು ಹೋಗಿದ್ದು ಬೀಡಿ ಊರಿಗೇನ್ರಿ?” ಎಂದು ಮುತ್ತಪ್ಪನನ್ನು ಕೇಳಿದೆ.

“ಮತ್ತ್ಯಾವ ಬೀಡಿಗ್ರಿ? ಅದೂ ಬಸ್ಸಿಗಲ್ಲ, ಓಡಕೋತ! ಇಪ್ಪತ್ತು ಕಿಲೋಮೀಟರ್ ಆಗ್ತೈತಿ, ಬ್ಯಾಡ್ರಿ ಅಂದೆ. ಕೇಳಲಿಲ್ಲ.”

ನಕ್ಕುಬಿಟ್ಟೆ. ನಗು ಅರ್ಧಕ್ಕೇ ನಿಂತಿತು. ಸ್ಟೆಂಟ್ ಹಾಕಿಸಿಕೊಂಡ ಎದೆ ಹೊತ್ತುಕೊಂಡು ಇಪ್ಪತ್ತು ಕಿಲೋಮೀಟರ್! ಓಡಿ ಹೋಗಿ ಬಸ್ ಹತ್ತಿದೆ. ಹೆಂಗಸರ ಪುಕ್ಕಟೆ ಟಿಕೆಟಿಗೆ ಆಧಾರ್ ತೋರಿಸಿ, ಬದುಕಿನಲ್ಲಿ ಮೊದಲ ಸಲ ನನ್ನ ಬಾಯಿಂದಲೇ “ಒಂದು ಬೀಡಿ” ಎಂದೆ.

ಕಿಟಕಿಯ ಹತ್ತಿರ ಕೂತು ರಸ್ತೆಯನ್ನೇ ನೋಡಿದೆ. ಊರ ಹೊರಗೆ ಗದ್ದೆಗಳು, ಆಮೇಲೆ ಎರಡೂ ಬದಿಗೆ ಮರ. ಪ್ರತಿ ತಿರುವಿನಲ್ಲೂ ರಸ್ತೆ ಬದಿಗೆ ಯಾರಾದರೂ ಮಲಗಿದ್ದಾರೆಯೇ, ಜನ ಗುಂಪುಗೂಡಿದ್ದಾರೆಯೇ ಎಂದು ಕಣ್ಣು ಹುಡುಕುತ್ತಿತ್ತು. ನಂದಗಡ ದಾಟಿತು, ಅಲ್ಲಿಯೂ ಇಲ್ಲ. ಕಂಡಕ್ಟರನಿಗೆ ನನ್ನ ಅವಸ್ಥೆ ಅರ್ಥವಾಗದೆ, ವಾಂತಿ ಬರ್ತೈತೇನ್ರಿ ಅಂತ ಕೇಳಿದ.

ನಂದಗಡದಿಂದ ಮೂರು ನಾಲ್ಕು ಕಿಲೋಮೀಟರ್ ಆದ ಮೇಲೆ ಸಿಕ್ಕರು. ಮುಂದೆ ಸನಾಉಲ್ಲಾನ ಕಡ್ಡಿ ಕಾಲು, ಹಿಂದೆ ನನ್ನ ಗಂಡ. ‘ನಿಲ್ಲಸ್ರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರ ಮುಖ ಕಂಡಿತು. ಆಸ್ಪತ್ರೆಯಿಂದ ಬಂದ ದಿನ ನಮ್ಮ ಮನೆಯ ಹನ್ನೆರಡು ಮೆಟ್ಟಿಲು ಹತ್ತಲು ಎರಡು ಸಲ ಕೂತವರು ಅವರು. ಕೂತಾಗ ನನ್ನ ಕಡೆ ನೋಡದೆ ಗೋಡೆ ನೋಡುತ್ತಿದ್ದರು. ಈಗ ಅಂಗಿ ಒದ್ದೆ, ಬಾಯಿ ಅರ್ಧ ತೆರೆದಿದೆ, ಸನಾಉಲ್ಲಾನಿಗೆ ಏನೋ ಹೇಳಿ ನಗುತ್ತಿದ್ದರು. ಓಡುತ್ತಾ ನಗುವಷ್ಟು ಉಸಿರಿತ್ತು ಅವರಲ್ಲಿ. ನಾನು ಬಾಯಿ ಮುಚ್ಚಿಕೊಂಡೆ, ಬಸ್ಸು ಮುಂದೆ ಹೋಯಿತು.

ಬೀಡಿಯಲ್ಲಿ ಇಳಿದು ಊರಿನ ಬೋರ್ಡಿನ ತನಕ ಹಿಂದಕ್ಕೆ ನಡೆದು ಹೋಗಿ ನಿಂತೆ. ಅರ್ಧ ತಾಸು ಕಾದಿರಬೇಕು. ಎತ್ತು ಹೊಡೆದುಕೊಂಡು ಹೋಗುವವರು ಒಮ್ಮೆ ನನ್ನನ್ನು, ಒಮ್ಮೆ ಬೋರ್ಡನ್ನು ನೋಡಿ ಮುಂದೆ ಹೋದರು. ಕೊನೆಗೆ ತಿರುವಿನಲ್ಲಿ ಇಬ್ಬರೂ ಕಾಣಿಸಿಕೊಂಡರು. ನನ್ನನ್ನು ಕಂಡದ್ದೇ ತಡ, ಸನಾಉಲ್ಲಾ ಗಕ್ಕನೆ ನಿಂತು ನನ್ನ ಗಂಡನ ಬೆನ್ನ ಹಿಂದೆ ಸರಿದ.

“ವೈನಿ, ಎಲ್ಲಾ ನಂದ ತಪ್ಪು. ಡಾಕ್ಟರ್‌ನ ಕೇಳೇ ಬಂದೇವಿ. ಮಶೀನ್ ಮ್ಯಾಲ ಓಡಿಸಿ ನೋಡಿ ಹೂಂ ಅಂದಾರ, ಕಾಗದ ನನ್ನ ಅಂಗಡ್ಯಾಗ ಐತಿ. ಆಪರೇಶನ್ ದಿನ ನೀವು ಔಷಧ ತರಾಕ ಹೋಗಿದ್ರಿ. ದುಂಡಣ್ಣ ಮಾರಿ ಸಣ್ಣದ ಮಾಡಕೊಂಡು ಮಲಗಿದ್ದ. ಡಾಕ್ಟರ್ ಬೀಡಿ ಮುಟ್ಟಬ್ಯಾಡ ಅಂದ್ರ ಏನಾತು, ಒಂದಿನ ಇಬ್ಬರೂ ಓಡಿ ಬೀಡಿ ಮುಟ್ಟೂಣು ಅಂದಿದ್ನಿ. ಅವತ್ತ ಮೊದಲನೇ ಸಲ ನಕ್ಕಿದ್ದ.”

“ಎಂಟು ಕಿಲೋಮೀಟರ್ ಮ್ಯಾಲ ನೀ ಓಡಾಕ ಬಿಡಾಕಿ ಅಲ್ಲಲ್ಲ, ಕಾಶವ್ವಾ. ಅದಕ್ಕ ಹೇಳಲಿಲ್ಲ” ಎಂದರು ನನ್ನ ಗಂಡ, ಏದುಸಿರಿನ ನಡುವೆ.

ಅವರು ನನ್ನನ್ನು ದಾಟಿ ಹೋಗಿ ಬೋರ್ಡಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತರು. ಆಮೇಲೆ ಬಂದು ನನ್ನ ಮುಂದೆ ನಿಂತು, ಕೇಳದಿದ್ದರೂ, ಬಾಯಿ ತೆರೆದು ‘ಹಾ’ ಎಂದರು. ಬಿಸಿ ಉಸಿರು, ಓಡುವಾಗ ಗಂಟಲು ಒಣಗದಿರಲೆಂದು ಬಾಯಲ್ಲಿಟ್ಟುಕೊಂಡ ಯಾಲಕ್ಕಿಯ ವಾಸನೆ, ಅಷ್ಟೇ. ಹಾದಿಬೀದಿಯಲ್ಲಿ ಅಳಬಾರದೆಂದುಕೊಂಡರೂ ಅತ್ತೆ. ಅಳು ಮರೆಮಾಡಲು ಚೀಲದಿಂದ ಟವೆಲ್ಲು ಎಳೆದೆ. ಅದರ ಜೊತೆಗೆ ಎರಡೂ ಸೀರೆ ರಸ್ತೆಯ ಮೇಲೆ ಬಿದ್ದವು.

ಅವರು ಸೀರೆಗಳನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಗಂಡ ಸುಳ್ಳು ಹೇಳುವುದರಲ್ಲಿ ದಡ್ಡರೇ ಹೊರತು ಬೇರೆ ಯಾವುದರಲ್ಲೂ ಅಲ್ಲ.

“ಎಲ್ಲಿಗೆ ಹೊಂಟಿದ್ದಿ?”

“ಧಾರವಾಡಕ್ಕ. ನೀವು ಖರೇನ ಬೀಡಿ ಮುಟ್ಟಿದ್ರ.”

ಅವರು ಬಗ್ಗಿ ಸೀರೆ ಎತ್ತಿ, ಧೂಳು ಝಾಡಿಸಿ, ಮಡಚಿ ಚೀಲದಲ್ಲಿಟ್ಟರು. ಬೆಳಗಾವಿಯ ತನಕ ಆ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ.

ಅಂದು ಸಂಜೆ ನಾನು ಚಹಾಕ್ಕೆ ಇಟ್ಟಿದ್ದೆ. ಅವರು ಕುಂಟುತ್ತಾ ಅಡುಗೆಮನೆಗೆ ಬಂದು, ರೂಢಿಯಂತೆ ನನ್ನ ಮುಂದೆ ನಿಂತು ಬಾಯಿ ತೆರೆದರು.

“ಬಾಯಿ ಮುಚ್ಚರಿ, ನೊಣ ಹೊಕ್ಕೀತು” ಎಂದೆ. ಮೂಸದೆಯೇ ಚಹಾ ಕೊಟ್ಟೆ.