ಕಸದ ಗಾಡಿ ಮೇಲೆ ಬಂದ ಪ್ರೇಮಗೀತೆ

ಮದುವೆಗೆ ಮುಂಚೆ ನಮ್ಮ ಚಿಕ್ಕಪ್ಪ, ಚಿಕ್ಕಮ್ಮನ ಮೇಲೆ ಒಂದು ಹಾಡು ಬರೆದು, ರಾಗ ಹಾಕಿ, ಕ್ಯಾಸೆಟ್ಟೂ ಮಾಡಿಸಿ ಊರಲ್ಲೆಲ್ಲ ಹಂಚಿದ್ದ. ಮೊನ್ನೆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅದೇ ಹಾಡು ನಮ್ಮ ಬೀದಿಗೆ ಕಸದ ಗಾಡಿ ಮೇಲೆ ಕೂತು ಬಂತು. ಗಂಟೆ ಬದಲು ಹಾಡು ಹಾಕೋಣ ಅಂತ ನಗರಸಭೆಯವರಿಗೆ ಹೊಳೆದಿತ್ತಂತೆ. ಬರೆದವನನ್ನ ಒಂದು ಮಾತು ಕೇಳ್ಬೇಕು ಅಂತ ಮಾತ್ರ ಯಾರಿಗೂ ಹೊಳೀಲಿಲ್ಲ.

ಹಾಡು ಕೆಲಸ ಮಾಡ್ತು, ನಾನ್ಯಾಕೆ ಸುಳ್ಳು ಹೇಳ್ಲಿ. ಮೊದಲ ಸಾಲಿಗೇ ಬಕೆಟ್ ಮುಚ್ಚಳಗಳು ತಾವಾಗೇ ತೆರ್ಕೊಳ್ತಿದ್ವು. ಎದುರುಮನೆ ದರ್ಜಿ ಮೈಮರೆತು ಗಿರಾಕಿ ಅಂಗಿನೇ ಗಾಡಿಗೆ ಎಸೆದುಬಿಟ್ಟ. ಚಿಕ್ಕಪ್ಪನ ಮುಖ ಮಾತ್ರ ಹರಳೆಣ್ಣೆ ಕುಡಿದಂಗಾಯ್ತು. ನಾನು 'ನಿನ್ನ ಕಣ್ಣು' ಅಂತ ಹಾಡಿದ್ರೆ ಜನ ಈರುಳ್ಳಿ ಸಿಪ್ಪೆ ಹಿಡ್ಕೊಂಡು ಓಡಿ ಬರ್ತಾರಲ್ಲೋ ಅಂತ ನನ್ನ ಹತ್ರ ಗೋಳಾಡಿದ.

ಹಾಡಿನ ಹಕ್ಕನ್ನ ಅವನು ಯಾರಿಗೂ ಬರೆದುಕೊಟ್ಟಿರ್ಲಿಲ್ಲ. ಒಂದು ವಾರ ತಡ್ಕೊಂಡು, ಆಮೇಲೆ ಸೀದಾ ಹೋಗಿ ನಗರಸಭೆ ಆಫೀಸರ್ ಎದುರಿಗೆ ಕೂತು, ನನ್ನ ಒಪ್ಪಿಗೆ ಇಲ್ದೆ ಹಾಕಂಗಿಲ್ಲ ಅಂದ. ಆಫೀಸರ್ ಒಳ್ಳೆಯವನು ಪಾಪ, ತಪ್ಪಾಯ್ತು ಅಂದು ಮರುದಿನಾನೇ ನಿಲ್ಲಿಸಿದ.

ಗಾಡಿ ಮೂಕಾಯ್ತು. ಜೊತೆಗೆ ಚಿಕ್ಕಮ್ಮನೂ. ಅವಳು ಟೀ ಲೋಟ ಕುಕ್ಕಿದ ರಭಸಕ್ಕೆ ಪಕ್ಕದ ಬೀದಿಯಲ್ಲಿ ಗಡಿಯಾರ ನಿಂತೋಯ್ತು. ಏನಾಯ್ತೇ ಅಂತ ಚಿಕ್ಕಪ್ಪ ಹೆದರ್ಕೊಂಡೇ ಕೇಳಿದ.

"ಮದುವೆ ಆದ್ಮೇಲೆ ಒಂದ್ಸಲನಾದ್ರೂ ಹಾಡಿದ್ರೇನ್ರೀ? ಆ ಗಾಡಿನಾದ್ರೂ ದಿನಾ ಬಾಗಿಲಿಗೆ ಬಂದು ಹಾಡ್ತಿತ್ತು."

ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಮತ್ತೆ ನಗರಸಭೆಗೆ ಹೋದ. ದುಡ್ಡು ಬೇಡ, ಹಾಡು ಹಾಕ್ಕೊಳ್ಳಿ, ಆದ್ರೆ ಮಧ್ಯೆ ಕತ್ತರಿಸಂಗಿಲ್ಲ, ಮುಗಿಯೋ ತನಕ ಗಾಡಿ ಕದಲಂಗಿಲ್ಲ ಅಂತ ಷರತ್ತು ಬರೆಸಿದ. ಹಾಡು ಎಷ್ಟುದ್ದ ಅಂತ ನೋಡ್ದೇನೇ ಆಫೀಸರ್ ಸಹಿ ಹಾಕ್ದ.

ಗಾಡಿ ಒಂದೊಂದು ಮನೆ ಮುಂದೂ ನಿಂತು ಪೂರ್ತಿ ಹಾಡ್ಕೊಂಡು ಊರಿನ ಆ ತುದಿ ಮುಟ್ಟೋಷ್ಟರಲ್ಲಿ ಅಲ್ಲಿನ ಕಸ ಗೊಬ್ಬರ ಆಗಿ, ಕುಂಬಳಬಳ್ಳಿ ಹಬ್ಬಿ, ಕಾಯಿ ಬಿಟ್ಟಿತ್ತು. ಒಂದು ನಾನೇ ಕಿತ್ತು ತಂದೆ.

ಆಫೀಸರ್ ಓಡಿ ಬಂದು ಕೈಮುಗಿದ. ಇರೋ ಎರಡು ಉದ್ದುದ್ದ ಚರಣದಲ್ಲಿ ಒಂದನ್ನಾದ್ರೂ ಬಿಟ್ಟುಕೊಡಿ ಅಂದ. ಮೊದಲನೇದು ಚಿಕ್ಕಪ್ಪ ಕಾದು ಕಾದು ಸೊರಗಿದ್ದು, ಎರಡನೇದು ಚಿಕ್ಕಮ್ಮನ ಚೆಲುವು. ಬರೆದಿದ್ದು ನಾನು, ಆದ್ರೆ ಹಾಡು ಅವಳದು, ಅವಳನ್ನೇ ಕೇಳಿ ಅಂದ ಚಿಕ್ಕಪ್ಪ.

ಚಿಕ್ಕಮ್ಮ ಕೈ ಒರೆಸ್ಕೊಂಡು ಬಾಗಿಲಿಗೆ ಬಂದ್ಲು. "ಮೊದಲನೇದು ತೆಗೀರಿ. ಅದನ್ನ ಇವರು ಮನೇಲೇ ಹಾಡ್ತಾರೆ."

ಚಿಕ್ಕಪ್ಪ ಗಂಟಲು ಸರಿಮಾಡ್ಕೊಂಡ.